ಬೆಟ್ಟದಲ್ಲಿ ಅರೆದ ಚಟ್ನಿ

ನಮ್ಮ ಮನೆಗೆ ಬರುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಬಾಲ್ಕನಿ ಕಡೆ ಹೋಗುವಾಗ ಕಾಲ ಬುಡ ನೋಡಿಕೊಂಡು ಹೋಗಿ. ಬಾಗಿಲು ಗಾಳಿಗೆ ಹೊಡೆದುಕೊಳ್ಳದಿರಲೆಂದು ಅಲ್ಲೊಂದು ರುಬ್ಬುವ ಗುಂಡು ಇಟ್ಟಿದ್ದೇವೆ. ಮೊಳದುದ್ದದ ಕರಿಕಲ್ಲು. ಬುಡ ದಪ್ಪ, ತುದಿ ಸಣ್ಣ, ಮೈಯೆಲ್ಲ ನುಣುಪು. ನೀರಿನ ಫಿಲ್ಟರ್ ರಿಪೇರಿಗೆ ಬಂದವರು, ನಮ್ಮ ಯಜಮಾನರ ಸ್ನೇಹಿತರು, ಜನಗಣತಿಯ ಮೇಡಂ ಎಲ್ಲರೂ ಒಂದೊಂದು ಸಲ ಎಡವಿದ್ದಾರೆ. ಎಡವಿದವರನ್ನು ನಮ್ಮ ಅತ್ತೆ ಒಳಗಿನ ರೂಮಿನಿಂದಲೇ "ಪೆಟ್ಟಾಯ್ತೇನಪ್ಪಾ? ಸ್ವಲ್ಪ ಅರಿಶಿನ ಹಚ್ಕೋ" ಎಂದು ವಿಚಾರಿಸಿಕೊಳ್ಳುತ್ತಾರೆ. ಅತಿ ಹೆಚ್ಚು ಸಲ ಎಡವಿದ ಕೀರ್ತಿ ಮಾತ್ರ ನನ್ನದು. ಜಯನಗರ ನಾಲ್ಕನೇ ಬ್ಲಾಕಿನ ಫುಟ್‌ಪಾತಿನಲ್ಲಿ ಬಾಗಿಲಿಗೆ ಸಿಕ್ಕಿಸುವ ರಬ್ಬರ್ ತುಂಡುಗಳನ್ನು ರಾಶಿ ಹಾಕಿಕೊಂಡು ಮಾರುತ್ತಾರೆ, ಒಂದು ತರಬಾರದೇ ಎಂದು ನೀವು ಕೇಳಬಹುದು. ತರಬಹುದು. ಆದರೆ ಆ ಗುಂಡನ್ನು ಅಲ್ಲಿಂದ ಎತ್ತುವ ಹಕ್ಕು ನನಗಿಲ್ಲ. ಯಾಕಿಲ್ಲ ಎಂದು ಹೇಳಬೇಕಾದರೆ ನಾನು ಬೆಟ್ಟ ಹತ್ತಿದ್ದನ್ನು ಹೇಳಬೇಕು. ಅದಕ್ಕೂ ಮೊದಲು ನಾನು ಹೇಳಿದ ಒಂದು ಸುಳ್ಳನ್ನು ಹೇಳಬೇಕು.

ಈ ಗುಂಡಿಗೊಂದು ಒರಳಿತ್ತು. ನಮ್ಮ ಅತ್ತೆ ತಿಪಟೂರಿನ ಕಡೆಯವರು. ಮದುವೆಯಾಗಿ ಜಯನಗರಕ್ಕೆ ಬಂದಾಗ ಅವರ ಹಿಂದೆ ತೆಂಗಿನಕಾಯಿ ಲಾರಿಯಲ್ಲಿ ಒರಳು, ಗುಂಡು ಎರಡೂ ಬಂದವಂತೆ. ಹಿತ್ತಲಿನ ನಲ್ಲಿಯ ಪಕ್ಕ ಸಿಮೆಂಟು ಹಾಕಿ ಒರಳನ್ನು ಕೂರಿಸಿದರು. ಮನೆಗೆ ಆಮೇಲೆ ಮಿಕ್ಸಿ ಬಂತು, ಗ್ರೈಂಡರ್ ಬಂತು. ಚಟ್ನಿ ಮಾತ್ರ ಆ ಹಿತ್ತಲು ಬಿಟ್ಟು ಒಳಗೆ ಬರಲಿಲ್ಲ. ಮನೆಯಲ್ಲಿ ಮಗು ಹುಟ್ಟಿ ಹೆಸರಿಡುವ ದಿನ ಈ ಗುಂಡಿಗೆ ಸ್ನಾನ ಮಾಡಿಸಿ, ವಿಭೂತಿ ಬಳಿದು, ಕುಲಾವಿ ಹಾಕಿ, ಗುಂಡಪ್ಪ ಎಂದು ಕರೆದು ಮಗುವಿಗಿಂತ ಮೊದಲು ತೊಟ್ಟಿಲಲ್ಲಿ ಮಲಗಿಸುತ್ತಿದ್ದರು. ಮಗು ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಎಂದು. ಆ ಲೆಕ್ಕದಲ್ಲಿ ಗುಂಡು ತಮಗೆ ಅಣ್ಣ ಆಗಬೇಕು ಎನ್ನುತ್ತಾರೆ ನಮ್ಮ ಯಜಮಾನರು. ಇಬ್ಬರನ್ನೂ ಅಲ್ಲಾಡಿಸುವುದು ಕಷ್ಟ ಎಂಬುದು ನನ್ನ ಅನುಭವ.

ಸೊಸೆಯಾಗಿ ಬಂದ ಮೊದಲ ದಿನದಿಂದ ನನಗೂ ಆ ಒರಳಿಗೂ ಆಗಿಬರಲಿಲ್ಲ. ನಾನು ಹೈಸ್ಕೂಲು ಮೇಡಂ. ಎಂಟು ಗಂಟೆಗೆ ಬಸ್ ಸ್ಟಾಪಿನಲ್ಲಿರಬೇಕು. ಏಳಕ್ಕೆ ಹಿತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತು ಚಟ್ನಿ ತಿರುವುತ್ತಿದ್ದೆ. ಅತ್ತೆ ಬಂದು ಬೆರಳಲ್ಲಿ ಒಂದಿಷ್ಟು ತೆಗೆದು ನಾಲಿಗೆಗಿಟ್ಟು, ಆಕಾಶ ನೋಡಿ, "ಇನ್ನೊಂದು ಸುತ್ತು" ಎನ್ನುತ್ತಿದ್ದರು. ಎಷ್ಟು ನುಣ್ಣಗಿದ್ದರೂ ಅದೇ, ಇನ್ನೊಂದು ಸುತ್ತು. ನನ್ನ ಬಲ ರಟ್ಟೆ ಎಡ ರಟ್ಟೆಗಿಂತ ಈಗಲೂ ದಪ್ಪಗಿದೆ. ರವಿಕೆ ಹೊಲಿಯುವ ಟೈಲರಿಗೆ ಮಾತ್ರ ಗೊತ್ತಿರುವ ವಿಷಯ ಅದು.

ಹನ್ನೊಂದು ವರ್ಷದ ಹಿಂದೆ ಹಳೆಯ ಮನೆ ಕೆಡವಿ ನಾಲ್ಕು ಮಹಡಿ ಕಟ್ಟಿಸಲು ಹೊರಟೆವು. ಕೆಡವುವ ಕಾಲಕ್ಕೆ ಅತ್ತೆ ತಿಪಟೂರಿನ ತಮ್ಮನ ಮನೆಗೆ ಹೊರಟರು. ಹೊರಡುವಾಗ ಹೇಳಿದ್ದು ಒಂದೇ ಮಾತು. "ಒರಳು ಜೋಪಾನ. ಗುಂಡು ನಾನೇ ತಗೊಂಡ್ ಹೋಗ್ತೀನಿ, ನಿಮ್ಮನ್ನ ನಂಬೋಕಾಗಲ್ಲ." ಅಷ್ಟು ಭಾರದ ಗುಂಡನ್ನು ಸೀರೆಯಲ್ಲಿ ಸುತ್ತಿ ಬ್ಯಾಗಿನಲ್ಲಿಟ್ಟುಕೊಂಡು ರೈಲಿನಲ್ಲಿ ಹೋದರು.

ಆಮೇಲಿನ ವಾರ ಮನೆ ಒಡೆಯುವ ಮೇಸ್ತ್ರಿ ಬಂದು, "ಅಕ್ಕ, ಹಿತ್ತಲಲ್ಲಿರೋ ಒರಳುಕಲ್ಲನ್ನ ಇಡಿಯಾಗಿ ತೆಗೀಬೇಕಂದ್ರೆ ಅರ್ಧ ದಿನ ಹಿಡಿಯುತ್ತೆ. ಏನ್ ಮಾಡ್ಲಿ?" ಎಂದು ಕೇಳಿದ. ನಾನು ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಪೂರ್ವಸಿದ್ಧತಾ ಪರೀಕ್ಷೆಯ ಸಮಾಜ ವಿಜ್ಞಾನದ ಪೇಪರ್ ತಿದ್ದುತ್ತಿದ್ದೆ. ತಲೆ ಎತ್ತದೆ "ಒಡೆದು ಹಾಕಪ್ಪ" ಎಂದೆ. ಸುತ್ತಿಗೆಯ ಮೂರೇ ಏಟು ಕೇಳಿಸಿತು. ಚೂರುಗಳು ತಳಪಾಯ ಸೇರಿದವು. ಆಗ ನನಗೆ ದುಃಖವಾಯಿತು ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ರಟ್ಟೆಗೆ ಬಿಡುಗಡೆಯಾದಂತಾಗಿ ಖುಷಿಯೇ ಆಯಿತು. ಕೈಯಲ್ಲಿದ್ದ ಪೇಪರಿನಲ್ಲಿ ಯಾವುದೋ ಹುಡುಗಿ ನಮ್ಮ ಪೂರ್ವಜರ ವಸ್ತುಗಳನ್ನು ಯಾಕೆ ಉಳಿಸಬೇಕು ಎಂದು ಚೆನ್ನಾಗಿ ಬರೆದಿದ್ದಳು. ನಾಲ್ಕಕ್ಕೆ ನಾಲ್ಕು ಕೊಟ್ಟೆ.

ಅತ್ತೆ ವಾಪಸ್ ಬಂದವರು ಮೊದಲು ಕೇಳಿದ್ದೇ "ಒರಳೆಲ್ಲಿ?" ಎಂದು. ನನ್ನ ಬಾಯಿಂದ ಥಟ್ಟನೆ ಬಂತು. "ಕತ್ರಿಗುಪ್ಪೆ ನಳಿನಿ ಮನೆ ಹಿತ್ತಲಲ್ಲಿ ಇಡಿಸಿದೀನಿ ಅತ್ತೆ. ಇಲ್ಲಿ ಜಾಗ ಎಲ್ಲಿದೆ?" ನಳಿನಿ ನನ್ನ ತಂಗಿ. ಸಂಜೆ ಅವಳಿಗೆ ಫೋನ್ ಮಾಡಿ ವಿಷಯ ಹೇಳಿದೆ. "ಅಕ್ಕ, ನಾವಿರೋದು ಎರಡನೇ ಮಹಡಿ. ನಮಗೆ ಹಿತ್ತಲೇ ಇಲ್ವಲ್ಲ" ಎಂದಳು. ಆದರೂ ರಕ್ತ ಸಂಬಂಧ ನೋಡಿ, ಒಪ್ಪಿಕೊಂಡಳು. ಒಪ್ಪಿಕೊಂಡಿದ್ದಷ್ಟೇ ಅಲ್ಲ, ಅತ್ತೆ ಕೇಳಿದಾಗೆಲ್ಲ ಒಂದೊಂದು ಸೇರಿಸುತ್ತ ಹೋದಳು. ಒರಳಿನ ಪಕ್ಕ ಕರಿಬೇವಿನ ಗಿಡ ಹಾಕಿದಳು. ಒರಳಲ್ಲಿ ನೀರು ತುಂಬಿಸಿಟ್ಟಳು. ಆ ನೀರು ಕುಡಿಯಲು ಗುಬ್ಬಿಗಳನ್ನು ಕರೆಸಿದಳು. ಗುಬ್ಬಿಯ ಸುದ್ದಿ ಕೇಳಿ ಅತ್ತೆಗೆ ಬಹಳ ಖುಷಿಯಾಯಿತು. "ಬೇಸಿಗೇಲಿ ದಿನಾ ನೀರು ಬದಲಾಯಿಸು ಅಂತ ಹೇಳು ಅವಳಿಗೆ. ನೆನಪು ಮಾಡು" ಎಂದು ನನಗೆ ಹೇಳುವರು. ನಾನು ಹೂಂ ಎನ್ನುವೆ. ಅತ್ತೆಗೆ ಸೊಂಟದ ಮೂಳೆ ಮುರಿದ ಮೇಲೆ ಕಾರು ಹತ್ತುವುದು ನಿಂತಿತು. ಅಯ್ಯೋ ಪಾಪ ಎನ್ನುತ್ತಲೇ, ಇನ್ನು ಇವರು ಕತ್ರಿಗುಪ್ಪೆಗೆ ಹೋಗುವ ಹಾಗಿಲ್ಲ ಎಂದು ನನ್ನ ಮನಸ್ಸು ಒಂದು ಮೂಲೆಯಲ್ಲಿ ನಿಟ್ಟುಸಿರು ಬಿಟ್ಟಿತು. ನನ್ನ ಯೋಗ್ಯತೆ ಅಷ್ಟು.

ಹೋದ ವರ್ಷದಿಂದ ಅವರಿಗೆ ಊಟ ಸೇರುತ್ತಿರಲಿಲ್ಲ. ಎಂಬತ್ತೆಂಟು ವಯಸ್ಸು. ಯಾವುದಕ್ಕೂ ರುಚಿಯಿಲ್ಲ ಎನ್ನುವರು. ಒಂದು ದಿನ, "ನನ್ನ ಒರಳಲ್ಲಿ ಅರೆದ ಚಟ್ನಿ ಒಂದು ಸಲ ತಿನ್ನಬೇಕು ಕಣೇ ಸುಮಿತ್ರಾ. ನಳಿನಿಗೆ ಹೇಳು, ಒಂದು ಡಬ್ಬೀಲಿ ಕಳಿಸ್ಲಿ" ಎಂದರು. ನಳಿನಿ ಮಿಕ್ಸಿಯಲ್ಲಿ ತಿರುವಿ ಕಳಿಸಿದಳು. ಅತ್ತೆ ನಾಲಿಗೆಗಿಟ್ಟು ಡಬ್ಬಿ ಪಕ್ಕಕ್ಕಿಟ್ಟರು. "ಮಿಕ್ಸೀದು. ಪಾಪ, ಅವಳಿಗೆ ಟೈಮ್ ಇಲ್ಲ ಅನ್ಸುತ್ತೆ." ಅಷ್ಟು ಹೇಳಿ ಗೋಡೆ ಕಡೆ ತಿರುಗಿ ಮಲಗಿದರು. ಅವರ ಮಂಚದ ಕೆಳಗೆ ಹಳೆಯ ಸೀರೆ ಸುತ್ತಿಕೊಂಡು ಗುಂಡು ಕಾಯುತ್ತಿತ್ತು. ಒರಳು ಬಂದಾಗ ಗುಂಡು ಹುಡುಕುವಂತಾಗಬಾರದು ಎಂದು ಹತ್ತಿರವೇ ಇಟ್ಟುಕೊಂಡಿದ್ದರು.

ಈಗ ಬೆಟ್ಟಕ್ಕೆ ಬರೋಣ. ನಿವೃತ್ತಿಯಾದ ಮೇಲೆ ನಾನು, ನಳಿನಿ ಪುಟ್ಟೇನಹಳ್ಳಿ ಕೆರೆಯ ಸುತ್ತ ನಡೆಯುವ ಒಂದು ವಾಕಿಂಗ್ ಬಳಗ ಸೇರಿಕೊಂಡಿದ್ದೇವೆ. ನಡೆಯುವುದು ಎರಡು ಸುತ್ತು, ಆಮೇಲೆ ಕಾಫಿ ನಾಲ್ಕು ಸುತ್ತು. ಬಳಗದ ಮುಖಂಡರು ಶಿವಶಂಕರ್ ಅಂತ, ರಿಟೈರ್ಡ್ ಇಂಜಿನಿಯರ್, ಕೊರಳಲ್ಲಿ ಸದಾ ಒಂದು ಪೀಪಿ. ಕೆರೆ ಸುತ್ತಿದ್ದು ಸಾಕು, ಒಂದು ಬೆಟ್ಟ ಹತ್ತೋಣ ಎಂದು ಅವರಿಗೆ ಹುಕಿ ಬಂತು. ಕನಕಪುರ ರಸ್ತೆಯಾಚೆ ಒಂದು ಕಾಡು ಬೆಟ್ಟ. ಹೆಸರು ಹೇಳುವುದಿಲ್ಲ, ನಾನು ಮಾಡಿದ ಘನಕಾರ್ಯ ಕೇಳಿದ ಮೇಲೆ ಯಾಕೆಂದು ತಿಳಿಯುತ್ತದೆ. ಅಲ್ಲಿ ಹಿಂದಿನ ಕಾಲದವರು ಕಲ್ಲಿನ ಕೆಲಸ ಮಾಡಿದ ಗುರುತುಗಳಿವೆಯಂತೆ. ಅದನ್ನು ತೋರಿಸಲು ಪುರಾತತ್ವದಲ್ಲಿ ಸಂಶೋಧನೆ ಮಾಡುತ್ತಿರುವ ಚೈತ್ರಾ ಎಂಬ ಹುಡುಗಿ ಜೊತೆಗೆ ಬಂದಳು.

ಮಿನಿ ಬಸ್ಸಿನಲ್ಲಿ ಚೈತ್ರಾ ಎದ್ದು ನಿಂತು ಎಲ್ಲ ವಿವರಿಸಿದಳು. ಕಲ್ಲಿನ ಕೊಡಲಿಗಳನ್ನು ಬಂಡೆಗೆ ಉಜ್ಜಿ ಹೇಗೆ ಹರಿತ ಮಾಡುತ್ತಿದ್ದರು, ಕಾಳು ಹೇಗೆ ಅರೆಯುತ್ತಿದ್ದರು, ಬಂಡೆಯ ಮೇಲೆ ಏನೇನು ಮುಟ್ಟಬಾರದು. ಹೇಳಿದಳಂತೆ. ಇಪ್ಪತ್ತೊಂಬತ್ತು ವರ್ಷ ಮಕ್ಕಳು ನನ್ನ ಪಾಠದಲ್ಲಿ ಏನು ಮಾಡಿದರೋ ಅದನ್ನೇ ನಾನು ಅವಳ ಪಾಠದಲ್ಲಿ ಮಾಡಿದೆ. ಹಿಂದಿನ ಸೀಟಿನಲ್ಲಿ ಕೂತು ನಳಿನಿಯ ಜೊತೆ ಮಾತಾಡಿದೆ. ನಮಗೆ ಅದಕ್ಕಿಂತ ದೊಡ್ಡ ಸಮಸ್ಯೆಯಿತ್ತು. ತಿಂಡಿಯ ಹೊಣೆ ನಮ್ಮಿಬ್ಬರದು. ಅರವತ್ತು ಇಡ್ಲಿ ಸಿದ್ಧವಿತ್ತು. ಬೆಳಗಿನ ಜಾವ ಚಟ್ನಿ ಮಾಡಿ ತಂದರೆ ಹತ್ತು ಗಂಟೆಯ ಬಿಸಿಲಿಗೆ ಹಳಸುತ್ತದೆ. ಅದಕ್ಕೆ ತೆಂಗಿನಕಾಯಿ ತುರಿ, ಹುರಿಗಡಲೆ, ಹಸಿಮೆಣಸಿನಕಾಯಿ, ಹುಣಸೆಹಣ್ಣು, ಉಪ್ಪು ಎಲ್ಲ ಬೇರೆ ಬೇರೆ ಕಟ್ಟಿಕೊಂಡು, ಚಾರ್ಜ್ ಮಾಡುವ ಪುಟ್ಟ ಜ್ಯೂಸ್ ಮಿಕ್ಸಿಯೊಂದನ್ನು ತಂದಿದ್ದೆವು. ಬಾಟಲಿಯಷ್ಟಿರುವ ಅದನ್ನು ನಳಿನಿ ಮಗಳ ರೂಮಿನಿಂದ ಹೇಳದೆ ಎತ್ತಿಕೊಂಡು ಬಂದಿದ್ದಳು.

ಹತ್ತುವ ದಾರಿಯಲ್ಲಿ ಆನೆಯಷ್ಟು ದೊಡ್ಡ ಬಂಡೆಯೊಂದು ಎರಡು ಹೋಳಾಗಿ ನಿಂತಿತ್ತು. ಸೀಳಿದ ಅಂಚಿನ ಉದ್ದಕ್ಕೂ ಸಾಲಾಗಿ ಕುಳಿಗಳು. "ಇದು ಆಮೇಲಿನ ಕಾಲದ್ದು, ಗುಡಿ ಕಟ್ಟೋರು ಕಲ್ಲು ಸೀಳಿರೋದು" ಎಂದಳು ಚೈತ್ರಾ. "ಕುಳಿ ಹೊಡೆದು, ಒಣ ಮರದ ಗೂಟ ಬಡಿದು, ನೀರು ಹಾಕಿ ಕಾಯ್ತಿದ್ರಂತೆ. ಗೂಟ ನೆನೆದು ಊದಿಕೊಂಡ್ರೆ ಕಲ್ಲು ತಾನೇ ಬಿರಿಯುತ್ತೆ. ಬೇಕಾದ ಕಡೆ ಬಿರೀಬೇಕು ಅಂದ್ರೆ ಅಷ್ಟು ತಾಳ್ಮೆ ಬೇಕು."

"ನಮ್ಮ ಕಡೆ ಮೂರೇ ಏಟು" ಎಂದು ನಳಿನಿ ನನ್ನ ಕಿವಿಯಲ್ಲಿ ಹೇಳಿದಳು. ನಾನು ಕೇಳಿಸದವಳ ಹಾಗೆ ಬೇಗ ಬೇಗ ಮುಂದೆ ನಡೆದೆ.

ಬೇಗ ನಡೆದದ್ದೇ ತಪ್ಪಾಯಿತು. ಅರ್ಧ ಬೆಟ್ಟಕ್ಕೆ ನನ್ನ ಎರಡೂ ಮಂಡಿ ರಾಜೀನಾಮೆ ಕೊಟ್ಟವು. ಈ ಪ್ರವಾಸಕ್ಕೆಂದೇ ಕೊಂಡ ಹೊಸ ಶೂ, ಮಡಚುವ ಕೋಲು, ಅಗಲ ಟೋಪಿ ಎಲ್ಲ ಇದ್ದವು. ಬೆಟ್ಟ ಹತ್ತುವುದೊಂದು ಬಿಟ್ಟು ಬೇರೆಲ್ಲದಕ್ಕೂ ನಾನು ತಯಾರಾಗಿದ್ದೆ. "ಸುಮಿತ್ರಾ ಮೇಡಂ, ನೀವಿಲ್ಲೇ ಕೂತ್ಕೊಳ್ಳಿ. ನಾವು ಮೇಲೆ ಹೋಗಿ ಒಂದು ಗಂಟೇಲಿ ಬರ್ತೀವಿ" ಎಂದು ಶಿವಶಂಕರ್ ಪೀಪಿ ಊದಿ ಉಳಿದವರನ್ನು ಹೊರಡಿಸಿದರು. ನಾನು, ನಳಿನಿ, ಅರವತ್ತು ಇಡ್ಲಿ ಹಿಂದೆ ಉಳಿದೆವು.

ಮರದ ನೆರಳಲ್ಲಿ ಚಪ್ಪಟೆ ಬಂಡೆಯೊಂದಿತ್ತು. ಅದರ ಮೇಲೆ ಸಂಸಾರ ಹರಡಿಕೊಂಡು ಕೂತೆವು. ನಳಿನಿ ಜ್ಯೂಸ್ ಮಿಕ್ಸಿಗೆ ಕಾಯಿತುರಿ ತುಂಬಿ ಗುಂಡಿ ಒತ್ತಿದಳು. ಅದು ಎರಡು ಸಲ ಗುಂಯ್ ಎಂದು ಕೆಂಪು ದೀಪ ತೋರಿಸಿ ಸುಮ್ಮನಾಯಿತು. ಎಷ್ಟು ಕುಲುಕಿದರೂ ಜೀವ ಬರಲಿಲ್ಲ. ಬರೀ ಇಡ್ಲಿ ಕೊಟ್ಟರೆ ಬಳಗದವರು ಮುಂದಿನ ಯುಗಾದಿಯವರೆಗೆ ಆಡಿಕೊಳ್ಳುತ್ತಾರೆ. ಏನು ಮಾಡುವುದೆಂದು ಬಂಡೆಯ ಮೇಲೆ ಕೈಯೂರಿದೆ. ಕೈ ಒಂದು ಕುಳಿಯೊಳಗೆ ಇಳಿಯಿತು.

ದುಂಡಗೆ, ಬಟ್ಟಲಿನ ಹಾಗಿತ್ತು. ತರಗೆಲೆ ತೆಗೆದು ನೋಡಿದರೆ ಒಳಗೆಲ್ಲ ನುಣುಪು. ಪಕ್ಕದ ಪೊದೆಯ ಬುಡದಲ್ಲಿ ಹಿಡಿಗಾತ್ರದ ಒಂದು ಕಲ್ಲೂ ಸಿಕ್ಕಿತು. "ದೇವರು ಕೊಟ್ಟಿದ್ದು ಅಕ್ಕ" ಎಂದಳು ನಳಿನಿ. ಬಾಟಲಿಯ ನೀರಲ್ಲಿ ಎರಡನ್ನೂ ತೊಳೆದು, ಮೊದಲು ಉಪ್ಪು, ಹಸಿಮೆಣಸಿನಕಾಯಿ ಜಜ್ಜಿಕೊಂಡು, ಕಾಯಿತುರಿ ಹಾಕಿ ಅರೆಯಲು ಕೂತೆ. ಹನ್ನೊಂದು ವರ್ಷದಿಂದ ಮಾಡದ ಕೆಲಸ. ಆದರೆ ಕೈ ಮರೆತಿರಲಿಲ್ಲ. ಹೆಬ್ಬೆರಳು ಆ ಕಲ್ಲಿನ ಮೇಲೆ ತಾನಾಗಿ ಒಂದು ಜಾಗ ಹುಡುಕಿಕೊಂಡು ಕೂತಿತು. ಹುರಿಗಡಲೆ ಹಾಕಿದ ಮೇಲೆ ಒಂದು ವಾಸನೆ ಎದ್ದಿತು ನೋಡಿ. ಹಳೆಯ ಮನೆಯ ಹಿತ್ತಲು, ನಲ್ಲಿಯ ತೊಟ್ಟಿಕ್ಕುವ ಸದ್ದು, ಬಸ್ಸಿಗೆ ಹೊತ್ತಾಯಿತೆಂಬ ನನ್ನ ಗೊಣಗಾಟ ಎಲ್ಲ ಬಂದವು. ನಳಿನಿ ಬೆರಳಲ್ಲಿ ತೆಗೆದು ರುಚಿ ನೋಡಿ, "ಸಖತ್ ಆಗಿದೆ ಅಕ್ಕ, ಸಾಕು" ಎಂದಳು.

"ಇನ್ನೊಂದು ಸುತ್ತು" ಎಂದೆ. ಹೇಳಿದ ಮೇಲೆ ನನಗೇ ಗಾಬರಿಯಾಯಿತು.

ಅಷ್ಟರಲ್ಲಿ ಪೀಪಿಯ ಸದ್ದು ಕೇಳಿತು. ಎಲ್ಲರಿಗಿಂತ ಮುಂದೆ ಇಳಿದು ಬಂದ ಚೈತ್ರಾ ನನ್ನ ಎದುರು ನಿಂತವಳು ಹಾಗೇ ನಿಂತುಬಿಟ್ಟಳು. "ಆಂಟಿ" ಎಂದಳು. ಕುಳಿಯೊಳಗೆ ಬಗ್ಗಿ ನೋಡಿ, "ಆಂಟಿ, ನೀವು ಚಟ್ನಿ ಅರೀತಿರೋದು ಯಾವುದರಲ್ಲಿ ಗೊತ್ತಾ?" ಎಂದಳು.

ಗೊತ್ತಿರಬೇಕಿತ್ತು. ನವಶಿಲಾಯುಗದ ಮಾನವನ ಎರಡು ಮುಖ್ಯ ಲಕ್ಷಣಗಳನ್ನು ಬರೆಯಿರಿ ಎಂಬ ಎರಡು ಅಂಕದ ಪ್ರಶ್ನೆಯನ್ನು ನಾನು ಎಷ್ಟು ಸಾವಿರ ಸಲ ತಿದ್ದಿದ್ದೇನೋ. ನುಣುಪಾದ ಕಲ್ಲಿನ ಉಪಕರಣ ಬಳಸುತ್ತಿದ್ದನು, ಕಾಳು ಅರೆಯುತ್ತಿದ್ದನು. ಆ ಮಾನವನ ಅರೆಯುವ ಕುಳಿಯೊಳಗೆ ನಾನು ಮೊಣಕೈವರೆಗೆ ಹುರಿಗಡಲೆ ಮೆತ್ತಿಕೊಂಡು ಕೂತಿದ್ದೆ.

"ಹಳೇ ಕುಳಿಗಳ ತಳದಿಂದ ಪುಡಿ ತೆಗೆದು ಪರೀಕ್ಷೆಗೆ ಕಳಿಸ್ತಾರೆ ಆಂಟಿ, ಅವರು ಏನು ಅರೀತಿದ್ರು ಅಂತ ತಿಳ್ಕೊಳ್ಳೋಕೆ" ಎಂದು ಚೈತ್ರಾ ತಲೆ ಹಿಡಿದುಕೊಂಡಳು. "ನಾಳೆ ಇದನ್ನ ಪರೀಕ್ಷೆ ಮಾಡಿದ್ರೆ ಹಸಿಮೆಣಸಿನಕಾಯಿ ಸಿಗುತ್ತೆ. ಈ ದೇಶಕ್ಕೆ ಮೆಣಸಿನಕಾಯಿ ಬಂದಿದ್ದೇ ಮೊನ್ನೆ ಮೊನ್ನೆ." ಇಡೀ ದೇಶದ ಇತಿಹಾಸವನ್ನು ನಾನು ಒಬ್ಬಳೇ ಬದಲಾಯಿಸಿದ ಹಾಗಾಯಿತು. ಭೂಮಿ ಬಾಯಿ ಬಿಟ್ಟರೆ ಹೋಗಿಬಿಡೋಣ ಅನಿಸಿತು. ಬಂಡೆ ಹೇಗೆ ಬಾಯಿ ಬಿಡುತ್ತದೆ, ಅದಕ್ಕೆ ಗೂಟ ಹೊಡೆಯಬೇಕು.

ಉಜ್ಜಬಾರದು, ಬರೀ ನೀರು ಹಾಕಿ ಎಂದಳು. ಬಳಗದವರೆಲ್ಲ ಕುಡಿಯುವ ನೀರಿನ ಬಾಟಲಿ ತಂದು ಸುರಿದರು. ಆ ಹಿಡಿಗಲ್ಲನ್ನು ಚೈತ್ರಾ ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಅವಳ ಕೋಪ ಅಲ್ಲೇ ಇಳಿಯಿತು. "ಇದೂ ಅವರದ್ದೇ ಇರಬೇಕು. ಹೆಬ್ಬೆರಳು ಇಡೋ ಜಾಗ ನೋಡಿ ಆಂಟಿ, ಸವೆದಿದೆ." ನನ್ನ ಹೆಬ್ಬೆರಳು ಕೂತಿದ್ದು ಅಲ್ಲೇ. ಯಾವ ಕಾಲದ ಯಾವ ಹೆಂಗಸೋ. ಅವಳ ಬೆನ್ನ ಹಿಂದೆಯೂ ಯಾರಾದರೂ ನಿಂತು ಇನ್ನೊಂದು ಸುತ್ತು ಎನ್ನುತ್ತಿದ್ದರೇನೋ ಎಂದುಕೊಂಡೆ. ಅವಳ ಮೇಲೆ ಕನಿಕರ ಬಂತು, ನನ್ನ ಮೇಲೂ.

ಅಂದ ಹಾಗೆ ಚಟ್ನಿ ಮಿಗಲಿಲ್ಲ. ಶಿವಶಂಕರ್ ಮೂರು ಸಲ ಹಾಕಿಸಿಕೊಂಡರು. ಚೈತ್ರಾಳೂ ಕೊನೆಯ ಇಡ್ಲಿ ತುಂಡಿನಿಂದ ತಟ್ಟೆ ಒರೆಸಿದಳು. "ನೀವು ಮಾಡಿದ್ದು ತಪ್ಪೇ ಆಂಟಿ. ಚಟ್ನಿ ಮಾತ್ರ ಚೆನ್ನಾಗಿದೆ" ಎಂದಳು. ಬಡಿಸುವುದಕ್ಕೆ ಮೊದಲೇ ನಾನು ಒಂದು ಸಣ್ಣ ಸ್ಟೀಲ್ ಡಬ್ಬಿಗೆ ನಾಲ್ಕು ಚಮಚ ತೆಗೆದಿಟ್ಟಿದ್ದೆ.

ಮಧ್ಯಾಹ್ನ ಮೂರಕ್ಕೆ ಮನೆ ಸೇರಿದೆ. ಅತ್ತೆ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಮೆತ್ತಗಿನ ಒಂದು ಇಡ್ಲಿ, ಒಂದು ಚಮಚ ಚಟ್ನಿ ಕೊಟ್ಟೆ. ನಾಲಿಗೆಗಿಟ್ಟುಕೊಂಡವರು ಆಕಾಶ ನೋಡುವ ಹಾಗೆ ಫ್ಯಾನ್ ನೋಡಿದರು. "ಸ್ವಲ್ಪ ಹುಳಿ ಹಿಡಿದಿದೆ. ಆದ್ರೆ ಇದು ಕಲ್ಲಲ್ಲಿ ಅರೆದಿದ್ದು." ಇನ್ನೊಂದು ಸಲ ನೆಕ್ಕಿದರು. ಮುಖ ಅರಳಿತು. "ನಳಿನಿ ಮನೆಗೆ ಹೋಗಿದ್ದಾ? ನನ್ನ ಒರಳಲ್ಲಿ ಅರೆದ್ಯಾ?"

ಒಂದು ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ಹನ್ನೊಂದು ವರ್ಷದಲ್ಲಿ ಅಷ್ಟು ಒಳ್ಳೆಯ ಅವಕಾಶ ಸಿಕ್ಕಿರಲಿಲ್ಲ. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಅವರು ಅಷ್ಟು ಖುಷಿಯಿಂದ ನೋಡುತ್ತಿದ್ದರು, ಸುಳ್ಳು ಹೇಳಲಾಗಲಿಲ್ಲ. "ಅಲ್ಲ ಅತ್ತೆ. ಬೆಟ್ಟದ ಮೇಲೆ ಬಂಡೇಲಿ ಒಂದು ಕುಳಿ ಇತ್ತು. ಸಾವಿರಾರು ವರ್ಷದ ಹಿಂದಿನೋರು ಅರೀತಿದ್ದ ಜಾಗ ಅಂತೆ. ಅದರಲ್ಲಿ ಅರೆದೆ."

"ಸಾವಿರಾರು ವರ್ಷಾನಾ?" ಎಂದರು. ಇಡ್ಲಿಯ ಇನ್ನೊಂದು ತುಂಡು ಮುರಿದರು. "ಅಷ್ಟು ವರ್ಷದಲ್ಲಿ ಯಾರೂ ಒಡೀಲಿಲ್ವಾ ಅದನ್ನ?"

ಅವರು ಚುಚ್ಚಿ ಕೇಳಿದ್ದಲ್ಲ. ಸುಮ್ಮನೆ ಆಶ್ಚರ್ಯಪಟ್ಟು ಕೇಳಿದ್ದು. ನಾನು ಮಂಚದ ಅಂಚಿಗೆ ಕೂತು ಎಲ್ಲ ಹೇಳಿಬಿಟ್ಟೆ. ಪೇಪರ್ ತಿದ್ದುತ್ತಿದ್ದದ್ದು, ತಲೆ ಎತ್ತದೆ ಹೇಳಿದ ಮಾತು, ಮೂರು ಏಟು, ತಳಪಾಯ.

ನನಗೆ ಮೊದಲೇ ಗೊತ್ತಿತ್ತು ಕಣೇ ಎಂದು ಅವರು ನಕ್ಕಿದ್ದರೆ ಈ ಬರಹ ಚೆನ್ನಾಗಿ ಮುಗಿಯುತ್ತಿತ್ತು. ಅವರಿಗೆ ಗೊತ್ತಿರಲಿಲ್ಲ. ತಟ್ಟೆ ಪಕ್ಕಕ್ಕಿಟ್ಟು, "ಕೆಳಗೆ ಕರ್ಕೊಂಡ್ ಹೋಗು" ಎಂದರು. ವಾಕರ್ ಹಿಡಿಸಿ ಲಿಫ್ಟಿನಲ್ಲಿ ಪಾರ್ಕಿಂಗಿಗೆ ಇಳಿಸಿದೆ. ಒರಳಿದ್ದ ಜಾಗ ನಮ್ಮ ಕಾರಿನ ಕೆಳಗಿರಬೇಕು ಎಂದು ನಾನು ಅಂದಾಜಿನಲ್ಲಿ ತೋರಿಸಿದೆ. ಅವರು ಕಂಬಗಳನ್ನು ನೋಡಿ, ಕಾಂಪೌಂಡ್ ನೋಡಿ, ನಿಧಾನವಾಗಿ ನಡೆದು ಎರಡನೇ ಮಹಡಿಯವರ ಸ್ಕೂಟರ್ ಪಕ್ಕ ನಿಂತರು. "ನಲ್ಲಿ ಇಲ್ಲಿತ್ತು" ಎಂದರು. ವಾಕರಿನ ಕಾಲಿಂದ ಟೈಲ್ಸನ್ನು ಒಮ್ಮೆ ಮುಟ್ಟಿದರು.

"ಹೋಗ್ಲಿ, ಕಲ್ಲು" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಗುಬ್ಬಿ ನೀರು ಕುಡೀತಿದ್ವು ಅಂದ್ರಲ್ಲೇ. ದಿನಾ ಬೆಳಿಗ್ಗೆ ಎದ್ದು ಅದನ್ನೇ ನೆನೆಸ್ಕೋತಿದ್ದೆ" ಎಂದರು.

ನನಗೆ ಅಳು ಬಂತು. ಅವರಿಗೆ ಬರಲಿಲ್ಲ.

ಮೂರು ದಿನ ನನ್ನ ಜೊತೆ ಮಾತಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಮಂಚದ ಕೆಳಗಿನಿಂದ ಗುಂಡು ತೆಗೆಸಿ, ಸುತ್ತಿದ್ದ ಸೀರೆ ಬಿಚ್ಚಿಸಿದರು. "ಇನ್ನೇನು ಕೆಲಸ ಇದೆ ಇದಕ್ಕೆ. ಬಾಲ್ಕನಿ ಬಾಗಿಲು ಹೊಡ್ಕೊಳ್ತಿರುತ್ತಲ್ಲ, ಅಲ್ಲಿಡು" ಎಂದರು. ಇಟ್ಟೆ. ಅಂದಿನಿಂದ ನಾನು ದಿನಾ ಬೆಳಿಗ್ಗೆ ಬಾಲ್ಕನಿಯಲ್ಲಿ ಒಂದು ಮಣ್ಣಿನ ಬಟ್ಟಲಿಗೆ ನೀರು ತುಂಬಿಸುತ್ತೇನೆ. ಗುಬ್ಬಿ ಇದುವರೆಗೆ ಒಂದೂ ಬಂದಿಲ್ಲ. ಪಾರಿವಾಳ ಬಂದು ಕುಡಿದು, ಬಟ್ಟಲಲ್ಲೇ ಸ್ನಾನ ಮಾಡಿ, ಒಗೆದ ಬಟ್ಟೆಯ ಮೇಲೆ ತನ್ನ ಅಭಿಪ್ರಾಯ ಬಿಟ್ಟು ಹೋಗುತ್ತದೆ. "ಬಂತಾ?" ಎಂದು ಅತ್ತೆ ಒಳಗಿನಿಂದ ಕೇಳುತ್ತಾರೆ. "ಇಲ್ಲ ಅತ್ತೆ, ಪಾರಿವಾಳ" ಎನ್ನುತ್ತೇನೆ. ಈಗ ಸುಳ್ಳು ಹೇಳುವುದು ಬಿಟ್ಟಿದ್ದೇನೆ.

ಈ ಬೆಳಿಗ್ಗೆಯೂ ನೀರಿನ ಚೊಂಬು ಹಿಡಿದು ಹೋಗುವಾಗ ಎಡವಿದೆ. ಹೆಬ್ಬೆರಳಿನ ಉಗುರು ಕಿತ್ತು ಬಂದಷ್ಟು ನೋವು. ಅಮ್ಮಾ ಎಂದು ಅಲ್ಲೇ ಕೂತುಬಿಟ್ಟೆ. ಒಳಗಿನಿಂದ ಅತ್ತೆಯ ದನಿ ಬಂತು.

"ಯಾರು, ಸುಮಿತ್ರಾನಾ?"

"ಹೂಂ ಅತ್ತೆ."

"ಗುಂಡಿಗೇನೂ ಆಗಿಲ್ಲ ತಾನೆ?"